ಮೂಕಾಂಬಿಕಾ ಅಭಯಾರಣ್ಯ: ಕೊಲ್ಲೂರ ದಾರಿಯ ಕಾಡಿಗೆ ಹೋಗುವವರು ತಿಳಿದಿರಬೇಕಾದದ್ದು

ಕೊಲ್ಲೂರು ಎಂದಾಕ್ಷಣ ನೆನಪಾಗುವುದು ಶ್ರೀ ಮೂಕಾಂಬಿಕೆಯ ಸನ್ನಿಧಿ. ಕರ್ನಾಟಕದಿಂದಷ್ಟೇ ಅಲ್ಲ, ಕೇರಳ, ತಮಿಳುನಾಡುಗಳಿಂದಲೂ ವರ್ಷವಿಡೀ ಭಕ್ತರು ಇಲ್ಲಿಗೆ ಹರಿದು ಬರುತ್ತಾರೆ. ಕರಾವಳಿಯ ಹೆದ್ದಾರಿಯನ್ನು ಬಿಟ್ಟು ಪೂರ್ವಕ್ಕೆ ತಿರುಗಿದ ಬಸ್ಸು ಗದ್ದೆ, ತೋಟಗಳನ್ನು ದಾಟಿ, ಬಿಸಿಲೇ ಬೀಳದ ಹಸಿರು ಸುರಂಗದಂಥ ರಸ್ತೆಯನ್ನು ಹೊಕ್ಕಾಗ ಕಿಟಕಿಯಿಂದ ತಂಪು ಗಾಳಿ ಬೀಸುತ್ತದೆ. ಪ್ರಯಾಣಿಕರು ‘ಎಂಥ ಕಾಡು’ ಎಂದು ಉದ್ಗರಿಸಿ ಮುಂದೆ ಸಾಗುತ್ತಾರೆ. ಆದರೆ ತಾವು ಹಾದು ಬಂದದ್ದು ಕಾನೂನಿನ ರಕ್ಷಣೆಯಿರುವ ಒಂದು ವನ್ಯಜೀವಿ ಅಭಯಾರಣ್ಯವನ್ನು ಎಂಬುದು ಅವರಲ್ಲಿ ಬಹುಪಾಲು ಮಂದಿಗೆ ತಿಳಿದಿರುವುದಿಲ್ಲ.

ದೇವಿಯ ಹೆಸರನ್ನೇ ಹೊತ್ತ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ವೈಶಿಷ್ಟ್ಯವೂ ಸಂಕಷ್ಟವೂ ಇದೇ ಆಗಿದೆ. ಬಂಡೀಪುರ, ನಾಗರಹೊಳೆಗಳಿಗೆ ಜನ ಕಾಡು ನೋಡಲೆಂದೇ ಹೋಗುತ್ತಾರೆ. ಅಲ್ಲಿ ಪಾಲಿಸಬೇಕಾದ ನಿಯಮಗಳಿಗೆ ಮನಸ್ಸನ್ನು ಸಿದ್ಧಪಡಿಸಿಕೊಂಡಿರುತ್ತಾರೆ. ಇಲ್ಲಿಗೆ ಬರುವವರು ಮಾತ್ರ ಯಾತ್ರಿಕರಾಗಿ, ಚಾರಣಿಗರಾಗಿ, ಜಲಪಾತ ಪ್ರಿಯರಾಗಿ ಬಂದು, ತಮಗೆ ಅರಿವಿಲ್ಲದೆಯೇ ಅಭಯಾರಣ್ಯದ ಅತಿಥಿಗಳಾಗುತ್ತಾರೆ. ಆದ್ದರಿಂದ ಈ ಕಾಡಿನ ಭೇಟಿ ಎಂದರೆ ಮೊದಲಿಗೆ ಅದರ ಗುರುತು ಹಿಡಿಯುವುದೇ ಆಗಿದೆ.

ಎಲ್ಲಿದೆ, ಎಷ್ಟಿದೆ?

ಉಡುಪಿ ಜಿಲ್ಲೆಯ ಈಶಾನ್ಯ ಭಾಗದಲ್ಲಿ, ಪಶ್ಚಿಮ ಘಟ್ಟದ ಇಳಿಜಾರಿನಲ್ಲಿ ಈ ಅಭಯಾರಣ್ಯವಿದೆ. 1974ರಲ್ಲಿ ಇದನ್ನು ಘೋಷಿಸಿದಾಗ ಉಡುಪಿ ಜಿಲ್ಲೆಯೇ ಹುಟ್ಟಿರಲಿಲ್ಲ. ಇಡೀ ಪ್ರದೇಶ ಅವಿಭಜಿತ ದಕ್ಷಿಣ ಕನ್ನಡದ ಕುಂದಾಪುರ ತಾಲ್ಲೂಕಿಗೆ ಸೇರಿತ್ತು. 1997ರಲ್ಲಿ ಉಡುಪಿ ಜಿಲ್ಲೆ ರಚನೆಯಾಯಿತು. 2018ರಲ್ಲಿ ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾಗಿ ಅಸ್ತಿತ್ವಕ್ಕೆ ಬಂದವು. ಕೊಲ್ಲೂರು ಈಗ ಬೈಂದೂರು ತಾಲ್ಲೂಕಿನಲ್ಲಿದೆ.

ಆರಂಭದಲ್ಲಿ ಅಭಯಾರಣ್ಯದ ವಿಸ್ತೀರ್ಣ 247 ಚದರ ಕಿಲೋಮೀಟರ್. 2011ರಲ್ಲಿ ಸುತ್ತಲಿನ ಮೀಸಲು ಅರಣ್ಯಗಳನ್ನು ಸೇರಿಸಿ ಅದನ್ನು 370.37 ಚದರ ಕಿಲೋಮೀಟರಿಗೆ ವಿಸ್ತರಿಸಲಾಯಿತು. ಕಾರ್ಕಳದಲ್ಲಿ ಕಚೇರಿಯಿರುವ ಕುದುರೆಮುಖ ವನ್ಯಜೀವಿ ವಿಭಾಗ ಇದರ ಆಡಳಿತ ನೋಡಿಕೊಳ್ಳುತ್ತದೆ. ಕೊಲ್ಲೂರಿನಲ್ಲಿ ವನ್ಯಜೀವಿ ವಲಯ ಅರಣ್ಯಾಧಿಕಾರಿಯ ಕಚೇರಿಯಿದೆ.

ನಕಾಶೆಯಲ್ಲಿ ನೋಡಿದರೆ ಈ ಕಾಡಿನ ಮಹತ್ವ ಸುಲಭವಾಗಿ ಅರ್ಥವಾಗುತ್ತದೆ. ಇದರ ದಕ್ಷಿಣಕ್ಕೆ ಸೋಮೇಶ್ವರ ಅಭಯಾರಣ್ಯವಿದೆ. ಅದೂ 1974ರಲ್ಲೇ ಘೋಷಣೆಯಾಗಿ, 2011ರಲ್ಲಿ 88.40ರಿಂದ 314.25 ಚದರ ಕಿಲೋಮೀಟರಿಗೆ ಹಿಗ್ಗಿತು. ಅದರಾಚೆಗೆ 600 ಚದರ ಕಿಲೋಮೀಟರ್ ವ್ಯಾಪಿಸಿರುವ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಉತ್ತರಕ್ಕೆ ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ. 2019ರ ವಿಸ್ತರಣೆಯ ಬಳಿಕ ಅದರ ವ್ಯಾಪ್ತಿ 930.16 ಚದರ ಕಿಲೋಮೀಟರ್. ಹೀಗೆ ಕುದುರೆಮುಖದಿಂದ ಅಘನಾಶಿನಿಯವರೆಗೆ ಹಬ್ಬಿದ ಕಾಡಿನ ಸರಪಳಿಯಲ್ಲಿ ಮೂಕಾಂಬಿಕಾ ನಡುವಿನ ಕೊಂಡಿ. ಈ ಕೊಂಡಿ ಸಡಿಲಗೊಂಡರೆ ದಕ್ಷಿಣದ ಕಾಡಿನ ಪ್ರಾಣಿಗಳಿಗೂ ಉತ್ತರದ ಕಾಡಿನ ಪ್ರಾಣಿಗಳಿಗೂ ಸಂಪರ್ಕ ತಪ್ಪುತ್ತದೆ.

2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖ, ಸೋಮೇಶ್ವರ ಹಾಗೂ ಆಗುಂಬೆಯ ಕಾಡುಗಳಿಗೆ ಅದರಲ್ಲಿ ಸ್ಥಾನ ದೊರೆಯಿತು. ಮೂಕಾಂಬಿಕಾ ಆ ಪಟ್ಟಿಯಲ್ಲಿಲ್ಲ. ಹಾಗೆಂದು ಇಲ್ಲಿನ ಕಾಡು ಕಡಿಮೆ ದರ್ಜೆಯದೆಂದು ಭಾವಿಸಬೇಕಾಗಿಲ್ಲ. ಮಳೆ, ಮಣ್ಣು, ಮರಗಳ ದೃಷ್ಟಿಯಿಂದ ಇವೆಲ್ಲವೂ ಒಂದೇ ಕಾಡಿನ ತುಂಡುಗಳು.

ಮೂರು ತಾಲ್ಲೂಕುಗಳ ನೀರಿನ ಮೂಲ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಜನ ಘಟ್ಟದ ಬುಡದ ಕಾಡಿಗೆ ಹೋಗದೆ ಇರಬಹುದು. ಆದರೆ ಕಾಡು ಅವರ ಮನೆ ಬಾಗಿಲಿಗೆ ನೀರಾಗಿ ಬರುತ್ತದೆ. ಕೊಡಚಾದ್ರಿಯ ತಪ್ಪಲಲ್ಲಿ ಹುಟ್ಟುವ ಸೌಪರ್ಣಿಕಾ ಕೊಲ್ಲೂರನ್ನು ಬಳಸಿ, ಅಭಯಾರಣ್ಯದ ತೊರೆಗಳನ್ನು ಕೂಡಿಸಿಕೊಂಡು ಪಶ್ಚಿಮಕ್ಕೆ ಹರಿಯುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ನದಿ ಕಾಣುವ ದೃಶ್ಯ ನಾಡಿನಾದ್ಯಂತ ಹೆಸರಾಗಿದೆ. ಆ ನದಿಯೇ ಸೌಪರ್ಣಿಕಾ. ಕಡಲಿನ ಸಮೀಪಕ್ಕೆ ಬಂದೂ ಸೇರದೆ ದಕ್ಷಿಣಕ್ಕೆ ಹೊರಳುವ ನದಿ ಗಂಗೊಳ್ಳಿಯ ಬಳಿ ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ನದಿಗಳೊಡನೆ ಪಂಚಗಂಗಾವಳಿಯಾಗಿ ಸಮುದ್ರವನ್ನು ಸೇರುತ್ತದೆ.

ಬ್ರಹ್ಮಾವರದವರಿಗೆ ಇದೇ ಕಾಡಿನ ಸರಪಳಿಯ ದಕ್ಷಿಣದ ಭಾಗ ನೀರುಣಿಸುತ್ತದೆ. ಆಗುಂಬೆ ಸೀಮೆಯ ಘಟ್ಟದಿಂದಿಳಿದು ಸೋಮೇಶ್ವರ ಅಭಯಾರಣ್ಯವನ್ನು ಹಾದು ಬರುವ ಸೀತಾ ನದಿ ಬಾರ್ಕೂರಿನ ಬಯಲನ್ನು ಬಳಸಿ ಹಂಗಾರಕಟ್ಟೆಯ ಅಳಿವೆಗೆ ಸಾಗುತ್ತದೆ.

ಈ ಭಾಗದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದು ಹೋಗುತ್ತದೆ. ಇಷ್ಟು ಮಳೆಯನ್ನು ತಡೆದು, ತರಗೆಲೆಗಳ ಹಾಸಿನಡಿಯ ಮಣ್ಣಿಗೆ ಇಳಿಸಿ, ಬೇಸಿಗೆಯವರೆಗೆ ಸ್ವಲ್ಪಸ್ವಲ್ಪವೇ ಬಿಟ್ಟುಕೊಡುವ ಕೆಲಸವನ್ನು ಕಾಡು ಮಾಡುತ್ತದೆ. ಬೇಸಿಗೆಯಲ್ಲಿ ನದಿಯ ಸಿಹಿನೀರಿನ ಹರಿವು ಕುಗ್ಗಿದಷ್ಟೂ ಅಳಿವೆಯ ಉಪ್ಪುನೀರು ಒಳನಾಡಿಗೆ ನುಗ್ಗುತ್ತದೆ. ಬಾವಿಗಳ ರುಚಿ ಕೆಡುತ್ತದೆ, ಹಿಂಗಾರಿನ ಗದ್ದೆ ಬೀಳು ಬೀಳುತ್ತದೆ. ಕರಾವಳಿಯುದ್ದಕ್ಕೂ ಕಾಣುವ ಕಿಂಡಿ ಅಣೆಕಟ್ಟುಗಳು ಈ ಉಪ್ಪುನೀರಿನ ವಿರುದ್ಧ ಕಟ್ಟಿದ ಕೋಟೆಗಳು. ಆದರೆ ಅಣೆಕಟ್ಟಿನ ಹಿಂದೆ ನಿಲ್ಲಬೇಕಾದ ನೀರು ಬರುವುದು ಕಾಡಿನಿಂದಲೇ.

ಮರಗಿಡಗಳು

ಅಭಯಾರಣ್ಯದಲ್ಲಿ ನಿತ್ಯಹರಿದ್ವರ್ಣ, ಅರೆ ನಿತ್ಯಹರಿದ್ವರ್ಣ ಹಾಗೂ ತೇವಭರಿತ ಎಲೆಯುದುರುವ ಕಾಡುಗಳಿವೆ. ಕಣಿವೆಗಳಲ್ಲಿ ಧೂಮ, ಸುರಹೊನ್ನೆ, ಬಲಗಿ, ನಾಗಸಂಪಿಗೆ, ಹೆಬ್ಬಲಸು, ಕಿರಾಲುಭೋಗಿ ಮೊದಲಾದ ಮರಗಳು ಆಕಾಶಕ್ಕೆ ಕೈಚಾಚಿ ನಿಂತಿವೆ. ಅವುಗಳ ನೆರಳಿನಲ್ಲಿ ಬೆತ್ತ, ಬೈನೆ, ಬಳ್ಳಿಗಳು ಹೆಣೆದುಕೊಂಡಿವೆ. ಉಪ್ಪಾಗೆ, ಮುರುಗಲು, ರಾಮಪತ್ರೆ, ಸೀಗೆ, ಜೇನುಗಳು ಕಾಡಂಚಿನ ಕುಟುಂಬಗಳಿಗೆ ತಲೆಮಾರುಗಳಿಂದ ಆಸರೆಯಾಗಿರುವ ಕಿರು ಉತ್ಪನ್ನಗಳು.

ಕಾಡನ್ನು ಪೂರ್ವ ದಿಕ್ಕಿನಲ್ಲಿ ಕಾಯುವಂತೆ ನಿಂತಿರುವುದು 1,343 ಮೀಟರ್ ಎತ್ತರದ ಕೊಡಚಾದ್ರಿ. ಶಿಖರ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ್ದರೂ ಅದರ ಕಾಡು ಕೊಲ್ಲೂರಿನ ಕಾಡಿಗೆ ಹೊಂದಿಕೊಂಡೇ ಇದೆ. ಮೇಲೇರಿದಂತೆ ಎತ್ತರದ ಮರಗಳು ಮಾಯವಾಗಿ, ಬೋಳುಗುಡ್ಡದ ಹುಲ್ಲುಗಾವಲೂ ಮಡಿಲುಗಳಲ್ಲಿ ಕುಳ್ಳು ಮರಗಳ ಶೋಲಾ ಕಾಡೂ ಕಾಣಿಸಿಕೊಳ್ಳುತ್ತವೆ. ಈ ಹುಲ್ಲುಗಾವಲನ್ನು ಪಾಳುಭೂಮಿ ಎಂದು ತಿಳಿಯುವುದು ಸಾಮಾನ್ಯ ತಪ್ಪು. ಶಿಖರದ ಮಂಜು, ಮಳೆಯನ್ನು ಮೊದಲು ಹೀರಿಕೊಳ್ಳುವುದು ಈ ಹುಲ್ಲೇ.

ಸಿಂಗಳೀಕ: ಈ ಕಾಡಿನ ಅಳತೆಗೋಲು

ಮೂಕಾಂಬಿಕಾ ಅಭಯಾರಣ್ಯದ ಅತಿ ಮುಖ್ಯ ನಿವಾಸಿ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ತುದಿಯಲ್ಲಿ ಸಿಂಹದ ಬಾಲದಂಥ ಕುಚ್ಚು ಹೊಂದಿರುವ ಈ ಮಂಗ ಪ್ರಪಂಚದಲ್ಲಿ ಪಶ್ಚಿಮ ಘಟ್ಟವನ್ನು ಬಿಟ್ಟು ಬೇರೆಲ್ಲಿಯೂ ಸಹಜವಾಗಿ ವಾಸಿಸುವುದಿಲ್ಲ. ಕರ್ನಾಟಕ, ಕೇರಳ, ತಮಿಳುನಾಡುಗಳ ಮಳೆಕಾಡಿನ ತುಂಡುಗಳಲ್ಲಿ ಅಲ್ಲಲ್ಲಿ ಹಂಚಿಹೋಗಿದೆ. ಅಳಿವಿನ ಅಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದ್ದು, ನಮ್ಮ ವನ್ಯಜೀವಿ ಕಾಯ್ದೆಯ ಮೊದಲನೆಯ ಅನುಸೂಚಿಯ ಗರಿಷ್ಠ ರಕ್ಷಣೆಯನ್ನು ಪಡೆದಿದೆ.

ಸಿಂಗಳೀಕ ತನ್ನ ಬದುಕಿನ ಬಹುಭಾಗವನ್ನು ಮರದ ಮೇಲೆಯೇ ಕಳೆಯುತ್ತದೆ. ಹಣ್ಣು, ಬೀಜ, ಕೀಟಗಳನ್ನು ಹುಡುಕುತ್ತ ಕೊಂಬೆಯಿಂದ ಕೊಂಬೆಗೆ ಸಾಗುವ ಗುಂಪಿಗೆ ಒಂದರೊಳಗೊಂದು ಬೆರೆತ ಮರಗಳ ನೆತ್ತಿಯೇ ರಸ್ತೆ. ರಸ್ತೆ ಅಗಲೀಕರಣಕ್ಕೋ ವಿದ್ಯುತ್ ತಂತಿಗೋ ಕಾಡಿನ ನಡುವೆ ಮರಗಳ ಸಾಲು ಬಿದ್ದರೆ, ನೆಲದಲ್ಲಿರುವ ಮನುಷ್ಯನಿಗೆ ಅದು ಕೆಲವೇ ಮೀಟರುಗಳ ಬಯಲು. ಸಿಂಗಳೀಕಕ್ಕೆ ಅದು ಮುರಿದುಬಿದ್ದ ಸೇತುವೆ. ಹೆಣ್ಣು ಸಿಂಗಳೀಕ ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಎರಡು ಹೆರಿಗೆಗಳ ನಡುವಿನ ಅಂತರವೂ ದೀರ್ಘ. ಆದ್ದರಿಂದ ವಾಹನಕ್ಕೆ ಸಿಕ್ಕಿ ಸಾಯುವ ಒಂದೇ ಒಂದು ಪ್ರಾಣಿಯೂ ಗುಂಪಿಗೆ ತುಂಬಲಾರದ ನಷ್ಟ.

ಇಲ್ಲಿಯೇ ಪ್ರವಾಸಿಗರ ಪಾತ್ರ ಬರುತ್ತದೆ. ಘಾಟಿ ರಸ್ತೆಗಳಲ್ಲಿ ಕಾರು ನಿಲ್ಲಿಸಿ ಮಂಗಗಳಿಗೆ ಬಾಳೆಹಣ್ಣು, ಬಿಸ್ಕತ್ತು, ಕುರುಕಲು ತಿಂಡಿ ಎಸೆಯುವುದು ಪುಣ್ಯದ ಕೆಲಸವೆಂದು ಹಲವರು ನಂಬಿದ್ದಾರೆ. ಸಿಕ್ಕ ತಿಂಡಿಯ ರುಚಿ ಹತ್ತಿದ ಮಂಗ ಮರ ಬಿಟ್ಟು ರಸ್ತೆಗಿಳಿಯುತ್ತದೆ, ವಾಹನಗಳ ಭಯ ಕಳೆದುಕೊಳ್ಳುತ್ತದೆ, ಕಡೆಗೆ ಚಕ್ರದಡಿ ಸಿಲುಕುತ್ತದೆ. ಉಳಿದವು ಸಮೀಪದ ತೋಟಗಳಿಗೆ ನುಗ್ಗಿ ರೈತರ ಶಾಪಕ್ಕೆ ಗುರಿಯಾಗುತ್ತವೆ. ಸಾಮಾನ್ಯ ಕೋತಿಗಳಲ್ಲಿ ಕಂಡುಬಂದ ಈ ಅಭ್ಯಾಸ ಸಿಂಗಳೀಕಗಳಿಗೂ ಹತ್ತಿದರೆ ಅದರ ಪರಿಣಾಮ ಇನ್ನೂ ಘೋರವಾಗುತ್ತದೆ. ಎಸೆಯುವ ಒಂದು ಬಾಳೆಹಣ್ಣು ಮಂಗಕ್ಕೆ ಉಪಕಾರವಲ್ಲ.

ಇತರ ಜೀವಿಗಳು

ಕಾಟಿ, ಕಡವೆ, ಕಾಡುಕುರಿ, ಬರ್ಕ, ಕಾಡುಹಂದಿ, ಚಿರತೆ, ಕೆಂಜಳಿಲು, ಹಾರುಬೆಕ್ಕು, ಮುಳ್ಳುಹಂದಿಗಳು ಈ ಕಾಡಿನಲ್ಲಿವೆ. ಆದರೆ ದಟ್ಟ ಮಳೆಕಾಡಿನಲ್ಲಿ ಪ್ರಾಣಿಗಳು ಬಯಲು ಸೀಮೆಯ ಕಾಡಿನಲ್ಲಿ ಕಂಡಂತೆ ಕಾಣಿಸಿಕೊಳ್ಳುವುದಿಲ್ಲ. ಇಲ್ಲಿ ಸಫಾರಿ ವಾಹನಗಳಿಲ್ಲ. ಕಣ್ಣಿಗಿಂತ ಕಿವಿಗೆ ಹೆಚ್ಚು ಕೆಲಸ ಕೊಡುವ ಕಾಡು ಇದು.

ತಲೆಯ ಮೇಲೆ ಉಗಿಬಂಡಿಯಂತೆ ರೆಕ್ಕೆಯ ಸದ್ದು ಕೇಳಿಸಿದರೆ ಅದು ದೊಡ್ಡ ಮಂಗಟ್ಟೆ ಹಕ್ಕಿ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಹಕ್ಕಿ ಮುದಿಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಕಿರಿದಾದ ಸೀಳಷ್ಟೇ ಉಳಿಯುವಂತೆ ಮುಚ್ಚಿಕೊಳ್ಳುತ್ತದೆ. ವಾರಗಟ್ಟಲೆ ಅದಕ್ಕೆ ಆಹಾರ ಒದಗಿಸುವುದು ಗಂಡು ಹಕ್ಕಿ. ಗಂಡು ಬೇಟೆಗೆ ಬಲಿಯಾದರೆ ಗೂಡಿನೊಳಗಿನ ಸಂಸಾರವೇ ಅಪಾಯಕ್ಕೆ ಸಿಲುಕುತ್ತದೆ. ದೊಡ್ಡ ಹಣ್ಣುಗಳನ್ನು ನುಂಗಿ ಬೀಜಗಳನ್ನು ದೂರದೂರ ಚೆಲ್ಲುವ ಮಂಗಟ್ಟೆ, ಕಾಡನ್ನು ನೆಡುವ ತೋಟಗಾರನೂ ಹೌದು.

ಕಾಳಿಂಗ ಸರ್ಪ ಈ ಸೀಮೆಯ ಮತ್ತೊಂದು ಹೆಮ್ಮೆ. ಎಲೆಗಳನ್ನು ಒಟ್ಟುಮಾಡಿ ಗೂಡು ಕಟ್ಟಿ ಮೊಟ್ಟೆಯಿಡುವ ಈ ಹಾವಿನ ಅಧ್ಯಯನಕ್ಕೆ ನೆರೆಯ ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವನ್ನು ಆರಂಭಿಸಿದರು. ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ಗುರುತಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲಿ ‘ಕಾಳಿಂಗ’ ಎಂಬ ನಮ್ಮ ಪದವೇ ಸೇರಿದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತವಾದ ಹಾರುವ ಓತಿಯೂ ಪಶ್ಚಿಮ ಘಟ್ಟದ ಇಂಥ ಕಾಡುಗಳದೇ ಕೂಸು. ತಾಳ್ಮೆಯಿಂದ ಮರದ ಕಾಂಡಗಳನ್ನು ಗಮನಿಸುವವರಿಗೆ ಅದರ ದರ್ಶನ ಭಾಗ್ಯವಿದೆ.

ಕಾನೂನು ಏನು ಹೇಳುತ್ತದೆ?

ಅಭಯಾರಣ್ಯದ ಪ್ರವೇಶವನ್ನು ನಿಯಂತ್ರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದರ 27ನೇ ಕಲಮಿನ ಪ್ರಕಾರ ಕರ್ತವ್ಯನಿರತ ಸರ್ಕಾರಿ ನೌಕರರು, ಒಳಗೆ ವಾಸಿಸಲು ಅನುಮತಿಯುಳ್ಳವರು, ಒಳಗೆ ಸ್ಥಿರಾಸ್ತಿಯ ಹಕ್ಕುಳ್ಳವರು, ಸಾರ್ವಜನಿಕ ಹೆದ್ದಾರಿಯಲ್ಲಿ ಹಾದು ಹೋಗುವವರು ಮತ್ತು ಇವರ ಅವಲಂಬಿತರನ್ನು ಬಿಟ್ಟು ಉಳಿದವರು ಅನುಮತಿಯಿಲ್ಲದೆ ಒಳಹೋಗುವಂತಿಲ್ಲ. 28ನೇ ಕಲಮಿನಡಿ ಪ್ರವಾಸ, ಛಾಯಾಗ್ರಹಣ, ಅಧ್ಯಯನ, ಸಂಶೋಧನೆ ಮುಂತಾದ ಉದ್ದೇಶಗಳಿಗೆ ಅನುಮತಿ ನೀಡಬಹುದು.

ಇದರ ಅರ್ಥ ಸರಳ. ಕೊಲ್ಲೂರಿಗೆ ಹೋಗುವ ಯಾತ್ರಿಕ ಹೆದ್ದಾರಿಯ ಮೇಲಿರುವವರೆಗೆ ಯಾರ ಅನುಮತಿಯನ್ನೂ ಕೇಳಬೇಕಾಗಿಲ್ಲ. ಆದರೆ ಡಾಂಬರು ರಸ್ತೆಯಿಂದಿಳಿದು, ಹಳ್ಳದ ದಂಡೆಯಲ್ಲಿ ಅಡುಗೆ ಹೂಡಲು ಅಥವಾ ಕಾಲುದಾರಿ ಹಿಡಿದು ಜಲಪಾತ ಹುಡುಕಲು ಹೊರಟ ಕ್ಷಣದಿಂದ ಅವನ ಸ್ಥಾನ ಬದಲಾಗುತ್ತದೆ.

ಇದೇ ಕಲಮು ಮತ್ತೊಂದು ಮಾತನ್ನೂ ಹೇಳುತ್ತದೆ: ಅಭಯಾರಣ್ಯದಲ್ಲಿ ವನ್ಯಪ್ರಾಣಿಗಳನ್ನು ಕೆಣಕುವಂತಿಲ್ಲ, ಕಸ ಚೆಲ್ಲುವಂತಿಲ್ಲ. ಪ್ಲಾಸ್ಟಿಕ್ ಬಾಟಲಿ ಎಸೆಯುವುದು ಕೇವಲ ಅಶಿಸ್ತು ಎಂದು ತಿಳಿದವರಿಗೆ ಅದು ಕಾಯ್ದೆಯ ಉಲ್ಲಂಘನೆ ಎಂಬುದು ಅಚ್ಚರಿಯಾಗಬಹುದು. 29ನೇ ಕಲಮು ಅರಣ್ಯೋತ್ಪನ್ನ ತೆಗೆಯುವುದನ್ನೂ ನೀರಿನ ಹರಿವು ತಿರುಗಿಸುವುದನ್ನೂ, 30ನೇ ಕಲಮು ಬೆಂಕಿ ಹಚ್ಚುವುದನ್ನು, 31ನೇ ಕಲಮು ಅನುಮತಿಯಿಲ್ಲದೆ ಆಯುಧ ಒಯ್ಯುವುದನ್ನು ನಿರ್ಬಂಧಿಸುತ್ತವೆ. 2022ರಲ್ಲಿ ತಿದ್ದುಪಡಿಯಾದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದ್ದು, ಸಾಮಾನ್ಯ ಉಲ್ಲಂಘನೆಗಳಿಗೆ 3 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಅಭಯಾರಣ್ಯದೊಳಗಿನ ಬೇಟೆಗೆ ಇನ್ನೂ ಕಠಿಣವಾದ ಶಿಕ್ಷೆಯಿದೆ.

ಹೋಗುವುದು ಹೇಗೆ?

ಕುಂದಾಪುರದಿಂದ ಹೆಮ್ಮಾಡಿ, ವಂಡ್ಸೆ, ಚಿತ್ತೂರು, ಜಡ್ಕಲ್ ಮಾರ್ಗವಾಗಿ ಕೊಲ್ಲೂರು ಸುಮಾರು 40 ಕಿಲೋಮೀಟರ್. ಬೈಂದೂರಿನಿಂದ ಗೋಳಿಹೊಳೆಯ ಮೂಲಕ 30 ಕಿಲೋಮೀಟರಿಗೂ ಕಡಿಮೆ. ಈ ಎರಡನೆಯ ದಾರಿ ಬೈಂದೂರು–ರಾಣೆಬೆನ್ನೂರು ನಡುವಿನ 766ಸಿ ರಾಷ್ಟ್ರೀಯ ಹೆದ್ದಾರಿಯ ಭಾಗ. ಕೊಲ್ಲೂರಿನಿಂದ ಮುಂದೆ ನಾಗೋಡಿ ಘಾಟಿಯನ್ನೇರಿ ಹೊಸನಗರದ ಕಡೆಗೆ ಸಾಗುತ್ತದೆ. ಬ್ರಹ್ಮಾವರದವರು 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಾಲಿಗ್ರಾಮ, ಕೋಟದ ಮೂಲಕ ಕುಂದಾಪುರಕ್ಕೆ ಬಂದು ಮುಂದುವರಿಯಬಹುದು.

ರೈಲಿನಲ್ಲಿ ಬರುವವರಿಗೆ ಕೊಂಕಣ ರೈಲು ಮಾರ್ಗದ ‘ಮೂಕಾಂಬಿಕಾ ರೋಡ್ ಬೈಂದೂರು’ ನಿಲ್ದಾಣ ಹತ್ತಿರ. ಕುಂದಾಪುರ ಹಾಗೂ ಬ್ರಹ್ಮಾವರ ತಾಲ್ಲೂಕಿನ ಬಾರ್ಕೂರಿನಲ್ಲೂ ನಿಲ್ದಾಣಗಳಿವೆ. ವಿಮಾನದಲ್ಲಿ ಬರುವವರಿಗೆ ಮಂಗಳೂರು ನಿಲ್ದಾಣವಿದೆ. ಕೊಲ್ಲೂರಿಗೆ ಬಸ್ ಸೌಕರ್ಯ ಸಾಕಷ್ಟಿದ್ದು, ವಸತಿಗೆ ಛತ್ರ, ವಸತಿಗೃಹಗಳಿವೆ.

ಕೊಡಚಾದ್ರಿಗೆ ಕೊಲ್ಲೂರಿನಿಂದ ಜೀಪುಗಳು ನಾಗೋಡಿ, ನಿಟ್ಟೂರು, ಕಟ್ಟಿನಹೊಳೆ ಮಾರ್ಗವಾಗಿ ಹೋಗುತ್ತವೆ. ಕೊನೆಯ ಭಾಗದ ಕಚ್ಚಾ ರಸ್ತೆ ಕಠಿಣ. ಜೀಪು ನಿಲ್ಲುವಲ್ಲಿ ಮೂಲ ಮೂಕಾಂಬಿಕೆಯ ಗುಡಿಯಿದೆ; ಅಲ್ಲಿಂದ ಶಂಕರಾಚಾರ್ಯರ ಹೆಸರಿನೊಂದಿಗೆ ಬೆಸೆದ ಸರ್ವಜ್ಞ ಪೀಠದ ಕಲ್ಲುಮಂಟಪಕ್ಕೆ ನಡೆದೇ ಹೋಗಬೇಕು. ಕೊಲ್ಲೂರು ಕಡೆಯಿಂದ ಕಾಡಿನ ದಾರಿಯೂ, ನಿಟ್ಟೂರು ಕಡೆಯಿಂದ ಹಿಡ್ಲುಮನೆ ಜಲಪಾತದ ದಾರಿಯೂ ಚಾರಣಿಗರಿಗೆ ಪರಿಚಿತ.

ಚಾರಣದ ನಿಯಮಗಳು ಈಚೆಗೆ ಬಿಗಿಯಾಗಿವೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಯಂದು ಕುಮಾರ ಪರ್ವತದಲ್ಲಿ ಜನಜಂಗುಳಿ ಉಂಟಾದ ಬಳಿಕ, ಆನ್‌ಲೈನ್ ನೋಂದಣಿಯಿಲ್ಲದ ಚಾರಣ ಪಥಗಳನ್ನು ಸರ್ಕಾರ ತಾತ್ಕಾಲಿಕವಾಗಿ ಮುಚ್ಚಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಆರಂಭವಾಗಿ, ಒಂದು ಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ನಿಗದಿಯಾಯಿತು. ಹೊರಡುವ ಮುನ್ನ ಈ ಜಾಲತಾಣದಲ್ಲಿ ಪಥ ತೆರೆದಿದೆಯೇ ಎಂದು ನೋಡಿಕೊಳ್ಳುವುದು, ಸಂದೇಹವಿದ್ದರೆ ಕೊಲ್ಲೂರಿನ ವಲಯ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಕಾಡಿನಲ್ಲಿ ರಾತ್ರಿ ಶಿಬಿರ, ಬೆಂಕಿ, ಡ್ರೋನ್ ಹಾರಾಟಗಳಿಗೆ ಅನುಮತಿಯಿಲ್ಲದೆ ಮುಂದಾಗಬಾರದು.

ಬ್ರಹ್ಮಾವರ, ಉಡುಪಿ ಕಡೆಯವರು ಮಳೆಕಾಡಿನಲ್ಲಿ ಕ್ರಮಬದ್ಧವಾಗಿ ತಂಗಿ ನೋಡಲು ಬಯಸಿದರೆ ಹೆಬ್ರಿ–ಆಗುಂಬೆ ರಸ್ತೆಯ ಸೀತಾನದಿ ಪ್ರಕೃತಿ ಶಿಬಿರ ಇನ್ನೊಂದು ಆಯ್ಕೆ.

ಯಾವ ಕಾಲದಲ್ಲಿ?

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹವೆ ಹಿತಕರ. ತೊರೆಗಳಲ್ಲಿ ನೀರಿರುತ್ತದೆ, ಹಾದಿ ಜಾರುವುದಿಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಸೆಕೆ ಹೆಚ್ಚು. ಹುಲ್ಲುಗಾವಲಿಗೆ ಕಿಡಿ ತಾಗಿದರೆ ಬೆಂಕಿ ಹತೋಟಿಗೆ ಬರುವುದು ಕಷ್ಟ.

ಮಳೆಗಾಲದ ಕಾಡು ಅತ್ಯಂತ ಸುಂದರ, ಅತ್ಯಂತ ಅಪಾಯಕಾರಿ. ಕೊಲ್ಲೂರು ಸಮೀಪದ ಅರಶಿನಗುಂಡಿ, ಮುದೂರು ಕಡೆಯ ಬೆಳ್ಕಲ್ ತೀರ್ಥ, ಶಿರೂರು ಬಳಿಯ ಕೂಸಳ್ಳಿ ಜಲಪಾತಗಳು ಆಗ ಮೈದುಂಬಿಕೊಳ್ಳುತ್ತವೆ. ಘಟ್ಟದ ಮೇಲೆ ಸುರಿದ ಮಳೆಗೆ ಕೆಳಗಿನ ಹಳ್ಳ ನಿಮಿಷಗಳಲ್ಲಿ ಉಕ್ಕಬಲ್ಲದು. ಕೆಳಗೆ ನಿಂತವರಿಗೆ ಬಿಸಿಲೇ ಇದ್ದೀತು. ಪಾಚಿಗಟ್ಟಿದ ಬಂಡೆ ಗಾಜಿನಂತೆ ಜಾರುತ್ತದೆ. 2023ರ ಜುಲೈನಲ್ಲಿ ಅರಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತು ಜಲಪಾತ ನೋಡುತ್ತಿದ್ದ ಯುವಕನೊಬ್ಬ ಕಾಲು ಜಾರಿ ನೀರುಪಾಲಾದ. ಆ ಕ್ಷಣ ಮೊಬೈಲ್‌ನಲ್ಲಿ ಚಿತ್ರೀಕರಣಗೊಂಡಿತ್ತು. ಹಲವು ದಿನಗಳ ಶೋಧದ ಬಳಿಕವಷ್ಟೇ ಮೃತದೇಹ ದೊರೆಯಿತು. ಮಳೆಗಾಲದಲ್ಲಿ ಜಲಪಾತಗಳಿಗೆ ನಿರ್ಬಂಧ ಹೇರಿದಾಗ ಅದನ್ನು ಅಧಿಕಾರಿಗಳ ಕಿರಿಕಿರಿ ಎಂದು ಬಗೆಯುವವರು ಈ ಘಟನೆಯನ್ನು ನೆನೆಯಬೇಕು.

ಮಂಗನ ಕಾಯಿಲೆಯ ಎಚ್ಚರ

ಕಾಡಿಗೆ ಹೋಗುವವರು ಇಂಬಳಕ್ಕೆ ಹೆದರುತ್ತಾರೆ. ಇಂಬಳ ರಕ್ತ ಹೀರಿದರೂ ಇಲ್ಲಿ ಅದರಿಂದ ರೋಗಭಯವಿಲ್ಲ. ಹೆದರಬೇಕಾದದ್ದು ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗಿನ ಕಡಿತದಿಂದ. ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇವರೆಗೆ ಇದರ ಕಾಲ. ಚಾರಣದ ಕಾಲವೂ ಬಹುಮಟ್ಟಿಗೆ ಇದೇ ಎಂಬುದು ಗಮನಾರ್ಹ.

ಮೈಮುಚ್ಚುವ ಉಡುಪು, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಆರೋಗ್ಯ ಇಲಾಖೆ ಸೂಚಿಸುವ ಉಣುಗು ನಿವಾರಕ ತೈಲ, ಮರಳಿದ ಕೂಡಲೇ ಬಿಸಿನೀರಿನ ಸ್ನಾನ ಮತ್ತು ಬಟ್ಟೆ ಒಗೆತ ಇವಿಷ್ಟು ಕ್ರಮಗಳು ಅಗತ್ಯ. ತರಗೆಲೆಗಳ ಮೇಲೆ ಕೂರುವುದು, ಮಲಗುವುದು ಸಲ್ಲದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ, ಮುಟ್ಟದೆ, ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಾಡಿನಿಂದ ಮರಳಿದ ಒಂದೆರಡು ವಾರಗಳಲ್ಲಿ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ವೈದ್ಯರ ಬಳಿ ಕಾಡಿಗೆ ಹೋಗಿದ್ದ ಸಂಗತಿಯನ್ನು ಮರೆಯದೆ ಹೇಳಬೇಕು.

ಕಾಡಂಚಿನ ಬದುಕು

ಅಭಯಾರಣ್ಯ ಜನರಿಲ್ಲದ ಪ್ರದೇಶವಲ್ಲ. ಮುದೂರು, ಜಡ್ಕಲ್, ಗೋಳಿಹೊಳೆ, ಯಳಜಿತ್ ಮೊದಲಾದ ಗ್ರಾಮಗಳು ಕಾಡಿಗೆ ತಾಗಿಕೊಂಡಿವೆ. ಅಡಿಕೆ, ತೆಂಗು, ಭತ್ತ, ರಬ್ಬರ್ ಇಲ್ಲಿನ ಬೆಳೆಗಳು. ಕಾಟಿ, ಹಂದಿ, ಮಂಗಗಳ ದಾಳಿಗೆ ಬೆಳೆ ಕಳೆದುಕೊಳ್ಳುವವರು ಇವರೇ. ರಸ್ತೆ, ಕಾಲುಸಂಕ, ವಿದ್ಯುತ್ ಕಂಬಗಳಿಗಾಗಿ ಅನುಮತಿಯ ದಾರಿ ಕಾಯಬೇಕಾದವರೂ ಇವರೇ. 2011ರ ವಿಸ್ತರಣೆ, ಅನಂತರ ಕಸ್ತೂರಿರಂಗನ್ ವರದಿ, 2022ರ ಜೂನ್‌ನಲ್ಲಿ ಸಂರಕ್ಷಿತ ಕಾಡುಗಳ ಸುತ್ತ 1 ಕಿಲೋಮೀಟರ್ ಸೂಕ್ಷ್ಮ ವಲಯ ಕಡ್ಡಾಯವೆಂದ ಸುಪ್ರೀಂ ಕೋರ್ಟ್ ಆದೇಶ ಇವು ಒಂದರ ಹಿಂದೊಂದು ಬಂದಾಗ ಒಕ್ಕಲೇಳುವ ಭೀತಿ ಇಲ್ಲಿ ಆವರಿಸಿತ್ತು. 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಆ ಆದೇಶವನ್ನು ಸಡಿಲಿಸಿತು. 2006ರ ಅರಣ್ಯ ಹಕ್ಕು ಕಾಯ್ದೆ ಕಾಡವಾಸಿಗಳ ಹಕ್ಕನ್ನು ಮಾನ್ಯ ಮಾಡಿದೆ.

ಸೌದೆಯೊಂದನ್ನು ತಂದರೂ ಪ್ರಶ್ನೆಗೊಳಗಾಗುವ ಹಳ್ಳಿಗರ ಎದುರಿನಲ್ಲೇ ನಗರಗಳಿಂದ ಬಂದವರು ಹಳ್ಳದಲ್ಲಿ ಬಾಟಲಿ ಒಡೆದು ಹೋದರೆ, ಕಾನೂನಿನ ಮೇಲೆ ಅವರಿಗೆ ವಿಶ್ವಾಸ ಹುಟ್ಟುವುದಾದರೂ ಹೇಗೆ? ಪ್ರವಾಸಿಗರ ಶಿಸ್ತು ಕಾಡಿಗಷ್ಟೇ ಅಲ್ಲ, ಕಾಡಂಚಿನವರಿಗೂ ಸಲ್ಲಬೇಕಾದ ಗೌರವ.

ಎದುರಿಗಿರುವ ಪ್ರಶ್ನೆಗಳು

ಕೊಲ್ಲೂರಿನ ಬೆಳವಣಿಗೆಯ ಭಾರ ಮೊದಲು ಬೀಳುವುದು ಸೌಪರ್ಣಿಕೆಯ ಮೇಲೆ. ಔಷಧೀಯ ಬೇರುಗಳ ಸತ್ವ ಹೊತ್ತು ಬರುತ್ತದೆಂದು ಭಕ್ತರು ನಂಬಿ ಮೀಯುವ ಅದೇ ನದಿಗೆ ಪೇಟೆಯ ಕೊಳಚೆ ನೀರು ಸೇರುವ ವಿಚಾರ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿದೆ. ಸ್ನಾನಘಟ್ಟದಲ್ಲಿ ಬಿಟ್ಟುಹೋಗುವ ಬಟ್ಟೆ, ಪ್ಲಾಸ್ಟಿಕ್ ಚೀಲಗಳು ಮಳೆ ಬಂದಾಗ ಕೆಳಗಿನ ಹಳ್ಳಿಗಳಿಗೆ, ಅಲ್ಲಿಂದ ಅಳಿವೆಗೆ ಹೋಗುತ್ತವೆ. ಕೊಲ್ಲೂರು–ಕೊಡಚಾದ್ರಿ ನಡುವೆ ಪರ್ವತಮಾಲಾ ಯೋಜನೆಯಡಿ ರೋಪ್‌ವೇ ನಿರ್ಮಿಸುವ ಪ್ರಸ್ತಾವವೂ ಬಂದಿದೆ. ಜೀಪುಗಳ ಹೊಗೆ, ಧೂಳು ತಗ್ಗೀತು ಎಂಬುದು ಒಂದು ವಾದ. ಶಿಖರದ ಸೂಕ್ಷ್ಮ ಹುಲ್ಲುಗಾವಲಿಗೆ ಜನಸಾಗರವೇ ಇಳಿದೀತು ಎಂಬುದು ಇನ್ನೊಂದು. ಯಾವುದೇ ನಿರ್ಧಾರಕ್ಕೆ ಮುನ್ನ ಶಿಖರ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬ ಲೆಕ್ಕ ಆಗಬೇಕಾಗಿದೆ.

ಇಂಥ ದೊಡ್ಡ ಪ್ರಶ್ನೆಗಳು ಸರ್ಕಾರ, ನ್ಯಾಯಾಲಯಗಳ ಅಂಗಳದಲ್ಲಿವೆ. ಸಣ್ಣವು ಮಾತ್ರ ಪ್ರತಿಯೊಬ್ಬ ಯಾತ್ರಿಕನ ಕೈಯಲ್ಲಿವೆ: ಕಾಡಿನ ರಸ್ತೆಯಲ್ಲಿ ವೇಗ ತಗ್ಗಿಸುವುದು, ಅನಗತ್ಯವಾಗಿ ಹಾರನ್ ಹಾಕದಿರುವುದು, ಮಂಗಗಳಿಗೆ ತಿಂಡಿ ಕೊಡದಿರುವುದು, ತಂದ ಪ್ಲಾಸ್ಟಿಕನ್ನು ಮರಳಿ ಒಯ್ಯುವುದು, ಮುಚ್ಚಿದ ದಾರಿಯನ್ನು ಮುಚ್ಚಿದ ದಾರಿಯೆಂದೇ ಒಪ್ಪುವುದು. ಇವುಗಳಲ್ಲಿ ಯಾವುದಕ್ಕೂ ಖರ್ಚಿಲ್ಲ. ದೇಗುಲದ ಹೊಸ್ತಿಲಲ್ಲಿ ಚಪ್ಪಲಿ ಕಳಚಲು ಯಾರೂ ಹೇಳಿಕೊಡಬೇಕಾಗಿಲ್ಲ. ಕೊಲ್ಲೂರಿನ ಹೊಸ್ತಿಲು ದೇಗುಲದ ಬಾಗಿಲಲ್ಲಿ ಅಲ್ಲ, ಅದಕ್ಕೂ ಮೊದಲೇ ಕಾಡು ಆರಂಭವಾಗುವಲ್ಲಿ ಇದೆ ಎಂಬುದನ್ನು ಅರಿತರೆ ಸಾಕು.